ಫಲವನ್ನು ಹೊರುವದು: ಹೊಸ ಒಡಂಬಡಿಕೆಯ ಒಂದು ಗ್ರೀಕ್ ಶಬ್ದದ ವಿಚಾರ

‘ಫಲ’ ಎಂಬ ಶಬ್ದಕ್ಕೆ ನಮ್ಮ ಭಾಷೆಯಲ್ಲಿ ಕೆಲಸವು ಬಹಳ. ಮರದಲ್ಲಿ ತೂಗುವದೂ ಫಲ, ಪುಣ್ಯಪಾಪಗಳಿಂದ ಬರುವದೂ ಫಲ, ಪಂಚಾಂಗ ಬಿಚ್ಚಿದವರು ಹೇಳುವದೂ ಫಲ. ಪರೀಕ್ಷೆ ಬರೆದು ಮುಗಿಸಿದ ಹುಡುಗಿಯು ಎದುರುನೋಡುತ್ತಿರುವದು ಫಲಿತಾಂಶ. ‘ಏನು ಫಲ?’ ಎಂದು ಯಾರಾದರೂ ಕೇಳಿದರೆ, ಅದು ಉತ್ತರವನ್ನು ಬಯಸಿ ಕೇಳಿದ್ದಲ್ಲ, ಫಲವೇನೂ ಇಲ್ಲವೆಂದು ನಿಶ್ಚಯಿಸಿಕೊಂಡೇ ಕೇಳಿದ್ದೆಂದು ತಿಳಿಯಬೇಕು. ಹೆಣ್ಣುಮಕ್ಕಳ ಶಾಲೆಗಳು ಈ ಪ್ರಶ್ನೆಯನ್ನು ತಾವು ಹುಟ್ಟಿದಂದಿನಿಂದ ಕೇಳುತ್ತಾ ಬಂದಿವೆ. ಮೊದಲು, ಹುಡುಗಿಯರನ್ನು ಓದಿಸಿ ಏನು ಫಲ ಎಂದರು. ಆ ಮಾತು ಅಡಗಿದ ಮೇಲೆ, ಓದಿಯೂ ಕೆಲಸಕ್ಕೆ ಹೋಗದಿದ್ದರೆ ಏನು ಫಲ ಎಂದರು. ಕೆಲಸಕ್ಕೆ ಹೋದವಳನ್ನು ಕುರಿತು, ಮನೆಯನ್ನು ನೋಡಿಕೊಳ್ಳದಿದ್ದರೆ ಏನು ಫಲ ಎಂದರು. ಮದುವೆಯಾಗಿ ಹಲವು ವರುಷಗಳಾದರೂ ತೊಟ್ಟಿಲು ಕಟ್ಟದವಳನ್ನು ಕುರಿತು ಏನೆನ್ನುತ್ತಾರೆಂಬದನ್ನು ನಾವು ಇಲ್ಲಿ ಬರೆಯುವದಿಲ್ಲ. ಓದುವವರಲ್ಲಿ ಕೆಲವರು ಅದನ್ನು ಬಲ್ಲರು.

ಇಂಥ ಸ್ಮರಣ ಸಂಚಿಕೆಗೆ ತಮ್ಮ ಸಮಾಚಾರವನ್ನು ಕಳುಹಿಸಬೇಕೆಂದು ಹಳೆಯ ವಿದ್ಯಾರ್ಥಿನಿಯರನ್ನು ಕೇಳುವಾಗ, ಡಾಕ್ಟರರೂ ಉಪಾಧ್ಯಾಯಿನಿಯರೂ ಆದವರು ಸಂತೋಷವಾಗಿ ಬರೆಯುತ್ತಾರೆ. ಉಳಿದವರು, ನಮ್ಮಲ್ಲಿ ಬರೆಯತಕ್ಕದ್ದೇನೂ ಇಲ್ಲ, ಶಾಲೆಗೆ ನಮ್ಮಿಂದ ಯಾವ ಫಲವೂ ಆಗಲಿಲ್ಲ ಎಂದು ಸುಮ್ಮನಾಗುವದುಂಟು. ಇವರೂ ಬೆಳಗಿನ ಪ್ರಾರ್ಥನೆಯಲ್ಲಿ ಬಿತ್ತುವವನ ಸಾಮ್ಯವನ್ನು ಎಷ್ಟೋ ಸಲ ಕೇಳಿದವರೇ. ಕ್ರೈಸ್ತರಲ್ಲದ ಮಾತಾಪಿತೃಗಳಿಗೂ ಆ ಕಥೆಯು ಮಕ್ಕಳ ಬಾಯಿಂದ ಪರಿಚಯವಾಗಿರಬಹುದು. ಆದಕಾರಣ, ಆ ಸಾಮ್ಯದಲ್ಲಿ ಫಲವೆಂದು ಹೇಳಿದ್ದು ಯಾವದು, ಅದನ್ನು ಕೊಡುವದೆಂದರೇನು ಎಂಬದನ್ನು ಮೂಲ ಭಾಷೆಯ ಒಂದು ಶಬ್ದವನ್ನು ಹಿಡಿದು ನೋಡುವದು ಈ ಸಂಚಿಕೆಗೆ ತಕ್ಕದ್ದೆಂದು ನಮಗೆ ತೋರಿತು.

ಆ ಶಬ್ದವು ‘ಕರ್ಪೊಫೊರೆಯೋ’ ಎಂಬ ಕ್ರಿಯಾಪದ. ಹೊಸ ಒಡಂಬಡಿಕೆಯಲ್ಲೆಲ್ಲಾ ಇದು ಬರುವದು ಎಂಟೇ ಸ್ಥಳಗಳಲ್ಲಿ. ನಾಲ್ಕು ಸುವಾರ್ತೆಗಳಲ್ಲಿವೆ: ಮತ್ತಾಯನಲ್ಲಿ ಒಂದು, ಮಾರ್ಕನಲ್ಲಿ ಎರಡು, ಲೂಕನಲ್ಲಿ ಒಂದು. ಇನ್ನು ನಾಲ್ಕು ಪೌಲನ ಪತ್ರಿಕೆಗಳಲ್ಲಿವೆ: ರೋಮಾಪುರದವರಿಗೆ ಬರೆದದ್ದರಲ್ಲಿ ಎರಡು, ಕೊಲೊಸ್ಸೆಯವರಿಗೆ ಬರೆದದ್ದರಲ್ಲಿ ಎರಡು. ಎಂಟೇ ಆದದರಿಂದ ಒಂದು ಸಂಜೆಯಲ್ಲಿ ಎಲ್ಲವನ್ನೂ ಓದಿ ಮುಗಿಸಬಹುದು.

ಶಬ್ದವನ್ನು ಬಿಡಿಸಿದರೆ ಎರಡು ಅಂಗಗಳು ಸಿಕ್ಕುವವು. ಮೊದಲನೆಯದು ‘ಕರ್ಪೊಸ್’, ಅಂದರೆ ಫಲ. ಇದು ಕೀಳುವದು, ಕೊಯ್ಯುವದು ಎಂಬರ್ಥದ ಹಳೆಯ ಧಾತುವಿನಿಂದ ಬಂದದ್ದೆಂದು ಶಬ್ದಶಾಸ್ತ್ರಿಗಳು ಹೇಳುತ್ತಾರೆ. ಸುಗ್ಗಿಗೆ ಇಂಗ್ಲಿಷರು ಹೇಳುವ ಹಾರ್ವೆಸ್ಟ್ ಎಂಬ ಶಬ್ದವೂ ಅದೇ ಕುಲದ್ದು, ಸಂಸ್ಕೃತದ ಕೃಪಾಣವನ್ನು ಸಹ ಇದೇ ಕುಲಕ್ಕೆ ಸೇರಿಸುವದುಂಟು. ಗ್ರೀಕರಿಗೆ ಅಂಜೂರವೂ ಕರ್ಪೊಸ್, ಗೋದಿಯ ಕಾಳೂ ಕರ್ಪೊಸ್. ನಮಗಾದರೋ ಹಣ್ಣು ಬೇರೆ, ಕಾಯಿ ಬೇರೆ, ತೆನೆ ಬೇರೆ. ಸಾಮ್ಯದಲ್ಲಿ ಫಲವೆಂದು ಓದಿದೊಡನೆ ನಮ್ಮ ಕಣ್ಣೆದುರಿಗೆ ಮಾವಿನ ಮರವು ಬಂದರೆ ನಾವು ದಾರಿತಪ್ಪಿದೆವು. ಅಲ್ಲಿರುವದು ಕಾಳು ತುಂಬಿ ಬಾಗಿದ ತೆನೆ.

ಎರಡನೆಯ ಅಂಗವು ‘ಫೆರೋ’ ಎಂಬ ಧಾತುವಿನಿಂದ ಆದದ್ದು. ಅದರ ಅರ್ಥ ಹೊರುವದು, ಹೊತ್ತು ತರುವದು, ಸಹಿಸುವದು. ಇದು ನಮಗೆ ಪರಕೀಯವಲ್ಲ. ಸಂಸ್ಕೃತದ ‘ಭೃ’ ಧಾತುವೂ ಗ್ರೀಕಿನ ಈ ಧಾತುವೂ ಒಂದೇ ತಾಯಿಯ ಮಕ್ಕಳು. ಆ ದಾರಿಯಿಂದ ಬಂದು ನಮ್ಮ ಕನ್ನಡದಲ್ಲಿ ಮನೆಮಾಡಿಕೊಂಡಿರುವ ಭಾರ, ಭರಿಸು, ಗರ್ಭಭರಿತೆ, ಭರಣ ಮುಂತಾದ ಶಬ್ದಗಳೆಲ್ಲಾ ಅದರ ಬಂಧುಗಳು. ಕರ್ತನ ಶಿಲುಬೆಯನ್ನು ಸಿರೇನ್ ಪಟ್ಟಣದ ಸೀಮೋನನ ಮೇಲೆ ಹೊರಿಸಿದರೆಂದು ಲೂಕನು ಬರೆಯುವಾಗ ಅವನು ಉಪಯೋಗಿಸುವದು ಇದೇ ಧಾತುವನ್ನು. ಹೀಗೆ ನೋಡಿದರೆ ಕರ್ಪೊಫೊರೆಯೋ ಎಂದರೆ ಫಲವನ್ನು ಹೊರು, ಫಲಭಾರವನ್ನು ತಾಳು ಎಂದಾಗುವದು.

ನಮ್ಮ ಸತ್ಯವೇದದಲ್ಲಿ ಈ ಅರ್ಥಕ್ಕೆ ‘ಫಲಕೊಡು’ ಎಂಬ ಮಾತು ರೂಢಿಯಾಗಿದೆ. ಅದು ಒಳ್ಳೆಯ ಕನ್ನಡ. ಅದನ್ನು ತಿದ್ದಬೇಕೆಂಬದು ನಮ್ಮ ಅಭಿಪ್ರಾಯವಲ್ಲ. ಆದರೂ ಕೊಡುವದಕ್ಕೂ ಹೊರುವದಕ್ಕೂ ಒಂದು ಅಂತರವಿದೆ. ಕೊಡುವದೆಂದ ಕೂಡಲೇ ತೆಗೆದುಕೊಳ್ಳುವವನ ಕೈ ನೆನಪಿಗೆ ಬರುವದು. ಎಷ್ಟು ಕೊಟ್ಟಿತು, ಯಾರಿಗೆ ಕೊಟ್ಟಿತು, ಬುಟ್ಟಿ ತುಂಬಿತೋ ಎಂದು ಲೆಕ್ಕಕ್ಕೆ ಹೊರಡುತ್ತೇವೆ. ಹೊರುವದೆಂದರೆ ಕಣ್ಣು ಮರದ ಮೇಲೆಯೇ ನಿಲ್ಲುವದು. ಹೂವು ಉದುರಿ ಕಾಯಿ ಕಚ್ಚಿದಂದಿನಿಂದ ಕೊಯ್ಲಿನ ವರೆಗೆ ಕೊಂಬೆಯು ದಿನದಿನಕ್ಕೆ ಹೆಚ್ಚುವ ತೂಕವನ್ನು ತಾಳಿಕೊಂಡಿರಬೇಕು. ಆ ತಿಂಗಳುಗಳಲ್ಲಿ ಬುಟ್ಟಿಯವನಿಗೆ ಏನೂ ಸಿಕ್ಕುವದಿಲ್ಲ, ಆದರೂ ಮರವು ಆ ಕ್ರಿಯಾಪದವು ಹೇಳುವ ಕೆಲಸವನ್ನೇ ಮಾಡುತ್ತಿರುವದು.

ಇಲ್ಲಿ ನಾವೇ ಒಂದು ಎಚ್ಚರಿಕೆಯನ್ನು ಹೇಳಬೇಕು. ಶಬ್ದದ ಬೇರನ್ನು ಅಗೆದು ಅದರಿಂದಲೇ ಬೋಧನೆಯನ್ನು ಕಟ್ಟುವದು ಪ್ರಸಂಗಿಗಳಿಗೆ ಪ್ರಿಯವಾದ ಅಭ್ಯಾಸ, ಮತ್ತು ಅಪಾಯವಾದದ್ದು. ದಿನಬಳಕೆಯಲ್ಲಿ ಜನರು ಧಾತುವನ್ನು ನೆನಸಿ ಮಾತಾಡುವದಿಲ್ಲ. ಅರಿಸ್ಟಾಟಲನ ಶಿಷ್ಯನಾದ ಥಿಯೋಫ್ರಾಸ್ತನು ಗಿಡಮರಗಳನ್ನು ಕುರಿತು ಬರೆದ ಗ್ರಂಥದಲ್ಲಿ ಈ ಶಬ್ದಕುಲವು ಬಂದಾಗ, ಮರವು ಕಾಯಿಬಿಡುತ್ತದೆ ಎಂಬ ಸಾಧಾರಣ ಅರ್ಥವೇ ಹೊರತು ಬೇರೆ ಗೂಢವೇನೂ ಇಲ್ಲ. ಅಲ್ಲದೆ ಗ್ರೀಕಿನಲ್ಲಿ ಫಲವನ್ನು ‘ಮಾಡು’ ಎಂದು ಸಹ ಹೇಳುತ್ತಾರೆ. ಸ್ನಾನಿಕನಾದ ಯೋಹಾನನು ಯೊರ್ದನಿನ ತೀರದಲ್ಲಿ ಗದರಿಸಿದ್ದೂ, ಒಳ್ಳೇ ಮರ ಕೆಟ್ಟ ಮರಗಳ ವಿಷಯವಾಗಿ ಕರ್ತನು ಬೆಟ್ಟದ ಮೇಲೆ ಹೇಳಿದ್ದೂ ಮತ್ತಾಯನ ಸುವಾರ್ತೆಯಲ್ಲಿ ಆ ಮಾತಿನಿಂದಲೇ. ಹೊರುವದೂ ಮಾಡುವದೂ ಪರಸ್ಪರ ವಿರುದ್ಧವೆಂದು ಯಾರೂ ಎಣಿಸಬಾರದು. ಮತ್ತಾಯನ 13ನೆಯ ಅಧ್ಯಾಯದ 23ನೆಯ ವಚನದಲ್ಲಿ ಎರಡೂ ಒಂದೇ ವಾಕ್ಯದಲ್ಲಿ ಪಕ್ಕಪಕ್ಕಕ್ಕೆ ಇವೆ. ಆದದರಿಂದ ಧಾತುವು ತೋರಿಸಿದ ದಾರಿಯು ಸರಿಯೋ ಎಂಬದನ್ನು ಪ್ರಯೋಗಗಳಿಂದಲೇ ಪರೀಕ್ಷಿಸಬೇಕು.

ಬಿತ್ತುವವನ ಸಾಮ್ಯದ ವಿವರಣೆಯಲ್ಲಿ ಮೂವರು ಸುವಾರ್ತಿಕರೂ ಒಳ್ಳೆಯ ನೆಲವನ್ನು ಕುರಿತು ಇದೇ ಕ್ರಿಯಾಪದವನ್ನು ಹೇಳುತ್ತಾರೆ. ಮೊದಲನೆಯದಾಗಿ ಗಮನಿಸತಕ್ಕದ್ದು ಇಳುವರಿಯ ಲೆಕ್ಕ. ಮಾರ್ಕನು ಮೂವತ್ತರಿಂದ ಹತ್ತಿ ಅರವತ್ತು, ನೂರು ಎನ್ನುತ್ತಾನೆ. ಮತ್ತಾಯನು ನೂರರಿಂದ ಇಳಿದು ಅರವತ್ತು, ಮೂವತ್ತು ಎನ್ನುತ್ತಾನೆ. ಲೂಕನು ಸಾಮ್ಯದಲ್ಲಿ ನೂರನ್ನು ಮಾತ್ರ ಹೇಳಿ ವಿವರಣೆಯಲ್ಲಿ ಯಾವ ಸಂಖ್ಯೆಯನ್ನೂ ಕೊಡುವದಿಲ್ಲ. ನಮ್ಮ ಮನೆಗಳಲ್ಲಿ ಮೂವತ್ತು ಅಂಕಗಳನ್ನು ತಂದ ಮಗಳ ಸುದ್ದಿಯನ್ನು ಯಾವ ತಂದೆಯೂ ಊರಿಗೆಲ್ಲಾ ಹೇಳಿಕೊಂಡು ತಿರುಗುವದಿಲ್ಲ. ಆದರೆ ಮಾರ್ಕನ ವಾಕ್ಯದಲ್ಲಿಯೂ ಮತ್ತಾಯನ ವಾಕ್ಯದಲ್ಲಿಯೂ ಮೂವತ್ತಕ್ಕೆ ಒಂದು ಕ್ರಿಯಾಪದ, ನೂರಕ್ಕೆ ಇನ್ನೊಂದು ಎಂದಿಲ್ಲ. ಮೂರಕ್ಕೂ ಸೇರಿ ಒಂದೇ ಶಬ್ದ, ಒಂದೇ ಸಲ. ಮೂವತ್ತರಷ್ಟು ಕೊಟ್ಟ ನೆಲವು ನೂರರಷ್ಟು ಕೊಡಲಿಲ್ಲವೆಂಬ ಆಕ್ಷೇಪಣೆಯು ಆ ಸಾಮ್ಯದಲ್ಲಿ ಎಲ್ಲಿಯೂ ಕೇಳಬರುವದಿಲ್ಲ.

ಎರಡನೆಯದು ಲೂಕನು ಮಾತ್ರ ಕೂಡಿಸಿದ ಒಂದು ಮಾತು. ಅವನ 8ನೆಯ ಅಧ್ಯಾಯದ 15ನೆಯ ವಚನದಲ್ಲಿ ಒಳ್ಳೆಯ ಹೃದಯದವರು ವಾಕ್ಯವನ್ನು ಕೇಳಿ ಹಿಡಿದುಕೊಂಡು ಫಲವನ್ನು ಹೊರುವದು ‘ಹುಪೊಮೊನೆ’ಯಲ್ಲಿ ಎಂದಿದೆ. ನಾವು ಇದನ್ನು ತಾಳ್ಮೆಯೆನ್ನುತ್ತೇವೆ. ಗ್ರೀಕಿನಲ್ಲಿ ‘ಹುಪೊ’ ಎಂದರೆ ಅಡಿಯಲ್ಲಿ, ‘ಮೆನೋ’ ಎಂದರೆ ನೆಲೆಸಿರು; ಭಾರದ ಅಡಿಯಿಂದ ತಪ್ಪಿಸಿಕೊಂಡು ಹೋಗದೆ ನಿಂತಿರುವದು. ಕನ್ನಡದ ಶಬ್ದವು ಇಲ್ಲಿ ಗ್ರೀಕಿಗೆ ಯಾವ ವಿಧದಲ್ಲಿಯೂ ಕಡಿಮೆಯಲ್ಲ ಎಂಬದು ನಮ್ಮ ಅಭಿಪ್ರಾಯ. ಯಾಕಂದರೆ ತಾಳ್ಮೆಯು ‘ತಾಳು’ ಎಂಬದರಿಂದ ಬಂದದ್ದು, ಮತ್ತು ನಾವು ನೋವನ್ನು ತಾಳುತ್ತೇವೆ, ಭಾರವನ್ನು ತಾಳುತ್ತೇವೆ, ಕಾರ್ಯವು ರೂಪು ತಾಳಿತು ಎನ್ನುತ್ತೇವೆ, ಬಸಿರು ತಾಳಿದಳೆಂದು ಹೇಳುತ್ತೇವೆ. ಸಹಿಸುವದನ್ನೂ ಹೊರುವದನ್ನೂ ಆಕಾರಕ್ಕೆ ಬರುವದನ್ನೂ ಒಂದೇ ಧಾತುವಿನಲ್ಲಿ ಕೂಡಿಸಿಟ್ಟ ಹಿರಿಯರಿಗೆ ಲೂಕನ ವಾಕ್ಯವನ್ನು ವಿವರಿಸುವದು ಕಷ್ಟವಾಗುತ್ತಿರಲಿಲ್ಲ.

ಇದರ ಹಿಂದಿನ ವಚನವನ್ನೂ ಕೂಡಿಸಿ ಓದಬೇಕು. ಮುಳ್ಳುಗಳ ನಡುವೆ ಬಿದ್ದ ಬೀಜವನ್ನು ಕುರಿತು ಲೂಕನು, ಅದು ಬೆಳೆಯಲಿಲ್ಲವೆಂದು ಹೇಳುವದಿಲ್ಲ. ಅದು ‘ತೆಲೆಸ್ಫೊರೆಯೋ’ ಮಾಡಲಿಲ್ಲ, ಅಂದರೆ ಹೊತ್ತದ್ದನ್ನು ಕೊನೆಯ ತನಕ ಮುಟ್ಟಿಸಲಿಲ್ಲ ಎನ್ನುತ್ತಾನೆ. ಹೊಸ ಒಡಂಬಡಿಕೆಯಲ್ಲಿ ಈ ಶಬ್ದವು ಇದೊಂದೇ ಕಡೆ ಸಿಕ್ಕುವದು. ಅದರಲ್ಲಿಯೂ ಹೊರುವದೆಂಬ ಅದೇ ಧಾತುವು ಅಡಗಿರುವದನ್ನು ನೋಡಿರಿ. ಚಿಂತೆ, ಐಶ್ವರ್ಯ, ಸುಖಭೋಗ ಎಂಬ ಮೂರು ಮುಳ್ಳುಗಳನ್ನು ಅಲ್ಲಿ ಹೆಸರಿಸಿದೆ. ಚಿಂತೆಯು ಐಶ್ವರ್ಯದ ಸಾಲಿನಲ್ಲಿಯೇ ನಿಂತಿರುವದು ಬಡವರಿಗೆ ಕಠಿಣವಾಗಿ ತೋರಬಹುದು. ಆದರೆ ಮನೆಯ ಚಿಂತೆಯು ಒಬ್ಬ ಹೆಂಗಸಿನ ಓದನ್ನೂ ಪ್ರಾರ್ಥನೆಯನ್ನೂ ಹೇಗೆ ಒತ್ತಿಹಾಕಬಲ್ಲದೆಂಬದನ್ನು ಕಂಡವರು, ಲೂಕನಿಗೆ ಮನೆಗಳ ಒಳಗಿನ ಸಂಗತಿಯು ಗೊತ್ತಿತ್ತೆಂದು ಒಪ್ಪಿಕೊಳ್ಳುವರು.

ಮಾರ್ಕನಲ್ಲಿ ಎರಡನೆಯ ಪ್ರಯೋಗವು ಇನ್ನೊಂದು ಚಿಕ್ಕ ಸಾಮ್ಯದಲ್ಲಿದೆ (4ನೆಯ ಅಧ್ಯಾಯ, 26ರಿಂದ 29ರ ವರೆಗೆ). ಇದನ್ನು ಮಾರ್ಕನು ಮಾತ್ರ ಬರೆದಿಟ್ಟಿದ್ದಾನೆ, ಮತ್ತು ಶಾಲೆಗಳಲ್ಲಿ ಇದನ್ನು ಬಿತ್ತುವವನ ಕಥೆಯಷ್ಟು ಓದುವದಿಲ್ಲ. ಬೀಜ ಹಾಕಿದವನು ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜವು ಮೊಳೆತು ಬೆಳೆಯುತ್ತದೆ. ಹೇಗೆಂಬದು ಅವನಿಗೆ ಗೊತ್ತಿಲ್ಲ. ಮೊದಲು ಎಲೆ, ಆಮೇಲೆ ತೆನೆ, ಅನಂತರ ತೆನೆಯಲ್ಲಿ ತುಂಬಿದ ಕಾಳು. ಇಲ್ಲಿ ಫಲವನ್ನು ಹೊರುವದು ಭೂಮಿ, ಅದೂ ‘ಔಟೊಮಾತೆ’, ತನ್ನಷ್ಟಕ್ಕೆ ತಾನೇ. ಈ ಶಬ್ದವು ಇನ್ನೊಂದು ಸಲ ಮಾತ್ರ ಬರುವದು, ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದಲ್ಲಿ: ಪೇತ್ರನು ಸೆರೆಯಿಂದ ಹೊರಬರುವ ರಾತ್ರಿಯಲ್ಲಿ ಕಬ್ಬಿಣದ ಬಾಗಿಲು ತಾನಾಗಿಯೇ ತೆರೆಯಿತೆಂದು. ಇಂದಿನ ಯಂತ್ರಗಳಿಗೆ ಹೇಳುವ ಆಟೊಮ್ಯಾಟಿಕ್ ಎಂಬ ಶಬ್ದವು ಇದರಿಂದಲೇ ಬಂದದ್ದಾದರೂ ಸಾಮ್ಯದಲ್ಲಿ ಯಂತ್ರದ ವಾಸನೆಯಿಲ್ಲ. ರೈತನ ಉಳುಮೆಯು ವ್ಯರ್ಥವೆಂದೂ ಅದರ ಅರ್ಥವಲ್ಲ. ಉಳುವದು, ಬಿತ್ತುವದು, ಕುಡುಗೋಲು ಹಾಕುವದು ಅವನ ಪಾಲಿನವೇ. ಅವುಗಳ ನಡುವಿನ ದೀರ್ಘಕಾಲವು ಮಾತ್ರ ಅವನದಲ್ಲ. ಮಕ್ಕಳನ್ನು ವರುಷಗಟ್ಟಲೆ ನಮ್ಮ ವಶಕ್ಕೆ ಒಪ್ಪಿಸಿ, ವಾರವಾರಕ್ಕೆ ಬಂದು ಬೆಳವಣಿಗೆಯನ್ನು ಅಳೆಯಬೇಕೆನ್ನುವ ಮಾತಾಪಿತೃಗಳೂ, ಹಾಗೆಯೇ ಅಳೆಯಲು ಆತುರಪಡುವ ನಮ್ಮಂಥ ಉಪಾಧ್ಯಾಯರೂ ಈ ನಾಲ್ಕು ವಚನಗಳನ್ನು ಕೂಡಿ ಓದಬಹುದು. ಮೊಳಕೆಯನ್ನು ದಿನವೂ ಕಿತ್ತು ನೋಡಿ ಮರಳಿ ನೆಡುವವನಿಗೆ ತೆನೆಯು ಸಿಕ್ಕಲಾರದು.

ಪೌಲನ ಪತ್ರಿಕೆಗಳಿಗೆ ಬರೋಣ. ರೋಮಾಪುರದವರಿಗೆ ಬರೆದ ಪತ್ರಿಕೆಯ 7ನೆಯ ಅಧ್ಯಾಯದಲ್ಲಿ ಈ ಶಬ್ದವು 4ನೆಯ ಮತ್ತು 5ನೆಯ ವಚನಗಳಲ್ಲಿ ಒಂದರ ಬೆನ್ನಿಗೊಂದು ಬರುತ್ತದೆ; ಮೊದಲನೆಯದು ದೇವರಿಗಾಗಿ ಫಲ ಹೊರುವದು, ಎರಡನೆಯದು ಮರಣಕ್ಕಾಗಿ ಫಲ ಹೊರುವದು. ಒಂದೇ ಕ್ರಿಯಾಪದ. ಶಬ್ದವು ತನ್ನಲ್ಲಿಯೇ ಪರಿಶುದ್ಧವೇನೂ ಅಲ್ಲ. ದುರಾಶೆಗಳೂ ಹೊಲವನ್ನು ಪಾಳುಬಿಡುವದಿಲ್ಲ, ಅವುಗಳಿಗೂ ಸುಗ್ಗಿಯುಂಟು. ಬಹಳ ದುಡಿಮೆ, ಬಹಳ ಓಡಾಟ, ಬಹಳ ಹೆಸರು ಕಂಡ ಮಾತ್ರಕ್ಕೆ ಫಲಭರಿತವಾದ ಜೀವನವೆಂದು ಹೊಗಳುವವರು ಈ ಎರಡು ವಚನಗಳ ನಡುವೆ ಸ್ವಲ್ಪ ನಿಲ್ಲಬೇಕು.

ಇದೇ ಸ್ಥಳದಲ್ಲಿ, ನಾವು ಆರಂಭದಲ್ಲಿ ಬರೆಯದೆ ಬಿಟ್ಟ ವಿಷಯಕ್ಕೆ ಬರಬೇಕಾಗಿದೆ. ರೋಮಾಪುರದವರಿಗೆ ಪೌಲನು ಕೊಡುವ ದೃಷ್ಟಾಂತವು ಒಬ್ಬ ಹೆಂಗಸಿನದು: ಗಂಡನು ಸತ್ತ ಮೇಲೆ ಅವಳು ಇನ್ನೊಬ್ಬನನ್ನು ಮದುವೆಯಾಗಲು ಸ್ವತಂತ್ರಳು. ಹಾಗೆಯೇ ನೀವು ಕ್ರಿಸ್ತನವರಾದಿರಿ, ಫಲವನ್ನು ಹೊರುವದಕ್ಕಾಗಿ ಎನ್ನುತ್ತಾನೆ. ಮದುವೆಯ ಮಾತಿನ ಬೆನ್ನಿಗೆ ಫಲದ ಮಾತು ಬಂದದರಿಂದ ಇಲ್ಲಿ ಫಲವೆಂದರೆ ಸಂತಾನದ ಉಪಮಾನವೆಂದು ಹೇಳಿದ ವ್ಯಾಖ್ಯಾನಕಾರರು ಇದ್ದಾರೆ. ಆ ಛಾಯೆಯು ಇದ್ದರೂ ಇರಬಹುದು. ಆದರೆ ಆ ಮಾತನ್ನು ಪೌಲನು ಹೇಳಿದ್ದು ಯಾರಿಗೆ? ರೋಮಿನ ಸಭೆಯವರೆಲ್ಲರಿಗೆ, ಗಂಡಸರು ಹೆಂಗಸರು, ಮದುವೆಯಾದವರು ಆಗದವರು, ದಾಸರು ಸ್ವತಂತ್ರರು ಎಂಬ ಭೇದವಿಲ್ಲದೆ. ಎಂಟು ಸ್ಥಳಗಳಲ್ಲಿ ಒಂದರಲ್ಲಿಯಾದರೂ ಈ ಕ್ರಿಯಾಪದವು ಹೆಂಗಸು ಮಗುವನ್ನು ಹೆರುವದಕ್ಕೆ ಬಂದಿಲ್ಲ.

ಇದಕ್ಕೆ ಎದುರಾದ ಶಬ್ದವನ್ನೂ ನೋಡಿರಿ. ‘ಅಕರ್ಪೊಸ್’ ಎಂದರೆ ಫಲವಿಲ್ಲದ್ದು. ಮೊದಲಿನ ಅಕಾರವು ನಮ್ಮ ಅಜ್ಞಾನ, ಅನ್ಯಾಯಗಳ ಅಕಾರದಂತೆಯೇ ನಿಷೇಧವನ್ನು ತಿಳಿಸುವದು. ಹೊಸ ಒಡಂಬಡಿಕೆಯಲ್ಲಿ ಇದು ಏಳು ಸಲ ಬರುವದು. ಯಾವ ಯಾವದನ್ನು ಫಲವಿಲ್ಲದ್ದೆಂದು ಹೇಳಿದೆ? ಮುಳ್ಳುಗಳು ಅಡಗಿಸಿದ ವಾಕ್ಯವನ್ನು ಎರಡು ಸಲ, ತಿಳಿಯದ ಭಾಷೆಯಲ್ಲಿ ಪ್ರಾರ್ಥಿಸುವವನ ಬುದ್ಧಿಯನ್ನು, ಕತ್ತಲೆಯ ಕೃತ್ಯಗಳನ್ನು, ಸಭೆಯನ್ನು ಕೆಡಿಸಲು ಒಳನುಗ್ಗಿದವರನ್ನು, ಅವರು ಶರತ್ಕಾಲದಲ್ಲಿಯೂ ಬರಿದಾದ ಮರಗಳಂತಿದ್ದಾರೆಂದು ಯೂದನು ಬರೆಯುತ್ತಾನೆ. ಪೇತ್ರನ ಎರಡನೆಯ ಪತ್ರಿಕೆಯಲ್ಲಿಯೂ ತೀತನಿಗೆ ಬರೆದ ಪತ್ರಿಕೆಯಲ್ಲಿಯೂ ವಿಶ್ವಾಸಿಗಳು ಹಾಗೆ ಆಗಬಾರದೆಂಬ ಎಚ್ಚರಿಕೆಯಿದೆ. ಇಷ್ಟೇ. ಮಕ್ಕಳಿಲ್ಲದ ಹೆಂಗಸನ್ನು ಅಕರ್ಪೊಸ್ ಎಂದು ಹೊಸ ಒಡಂಬಡಿಕೆಯು ಒಂದು ಸಲವೂ ಕರೆದಿಲ್ಲ. ಎಲಿಸಬೇತಳನ್ನು ಕುರಿತು ಹೇಳುವಾಗ ಅದಕ್ಕೆ ಬೇರೆ ಶಬ್ದವಿದೆ. ಮಗುವನ್ನು ಗರ್ಭದ ಕರ್ಪೊಸ್ ಎಂದು ಎಲಿಸಬೇತಳೇ ಮರಿಯಳಿಗೆ ಹೇಳುವದು ನಿಜ, ಮತ್ತು ಆ ಮಾತು ಅತಿ ಸುಂದರವಾದದ್ದು. ಮಗುವು ಫಲವೇ. ಆದರೆ ಮಗುವಿಲ್ಲದವಳು ನಿಷ್ಫಲೆಯೆಂಬ ತೀರ್ಪನ್ನು ಈ ಗ್ರಂಥದಿಂದ ತೆಗೆಯುವವನು ಅದನ್ನು ಮನೆಯಿಂದ ತಂದಿರಬೇಕು. ಹಾಗೆಂದು ಕೇಳಿಸಿಕೊಂಡ ಸಹೋದರಿಯರು, ಕೇಳಿದ ಸ್ಥಳವು ದೇವಾಲಯದ ಬಾಗಿಲೇ ಆಗಿದ್ದರೂ, ಅದು ಸತ್ಯವೇದದ ಮಾತಲ್ಲವೆಂದು ಧೈರ್ಯದಿಂದ ಹೇಳಬಹುದು.

ತೀತನ ಪತ್ರಿಕೆಯ ವಚನದಲ್ಲಿ (3ನೆಯ ಅಧ್ಯಾಯ, 14) ಶಾಲೆಯವರಿಗೆ ರುಚಿಸುವ ಒಂದು ಸಂಗತಿಯಿದೆ. ನಮ್ಮವರು ಫಲವಿಲ್ಲದವರಾಗದಂತೆ, ಅಗತ್ಯವಾದ ಕೊರತೆಗಳಿಗಾಗಿ ಸತ್ಕ್ರಿಯೆಗಳಲ್ಲಿ ತೊಡಗುವದನ್ನು ‘ಕಲಿಯಲಿ’ ಎಂದು ಅಲ್ಲಿ ಹೇಳಿದೆ. ಶಿಷ್ಯನೆಂಬ ಶಬ್ದವು ಗ್ರೀಕಿನಲ್ಲಿ ಹುಟ್ಟಿದ್ದು ಈ ಕಲಿಯುವ ಧಾತುವಿನಿಂದಲೇ. ಪಕ್ಕದ ಮನೆಯಲ್ಲಿ ಜ್ವರ ಬಂದಾಗ ಗಂಜಿ ಕಾಯಿಸಿಕೊಂಡು ಹೋಗುವದೂ ಕಲಿತು ಮಾಡುವ ಕೆಲಸವೆಂದು ಬರೆದವನು ನಂಬಿದ್ದನು. ಅದಕ್ಕೆ ಪ್ರಶಸ್ತಿಪತ್ರವಿಲ್ಲದಿರುವದು ಬೇರೆ ಮಾತು.

ಕೊಲೊಸ್ಸೆಯು ಈಗಿನ ತುರ್ಕಿ ದೇಶದಲ್ಲಿ ಲೂಕಸ್ ನದಿಯ ಕಣಿವೆಯಲ್ಲಿದ್ದ ಪಟ್ಟಣ. ಅಲ್ಲಿಗೆ ಸುವಾರ್ತೆಯನ್ನು ಒಯ್ದವನು ಎಪಫ್ರನು. ಆ ಸಭೆಯವರು ಪೌಲನ ಮುಖವನ್ನು ಕಂಡವರಲ್ಲ. ತಾನು ಬಿತ್ತದ ಹೊಲದ ಬೆಳೆಯನ್ನು ಕೇಳಿ ಸಂತೋಷಪಟ್ಟು ಬರೆದ ಪತ್ರಿಕೆಯಿದು. ಮೊದಲನೆಯ ಅಧ್ಯಾಯದ 6ನೆಯ ವಚನದಲ್ಲಿ ಸುವಾರ್ತೆಯು ಲೋಕದಲ್ಲೆಲ್ಲಾ ಫಲವನ್ನು ಹೊರುತ್ತಲೂ ಬೆಳೆಯುತ್ತಲೂ ಇದೆ ಎನ್ನುತ್ತಾನೆ; 10ನೆಯ ವಚನದಲ್ಲಿ ಆ ಎರಡು ಕ್ರಿಯಾಪದಗಳನ್ನೇ ಅದೇ ಕ್ರಮದಲ್ಲಿ ವಿಶ್ವಾಸಿಗಳಿಗೆ ಹೇಳುತ್ತಾನೆ. ಕ್ರಮವು ವಿಚಿತ್ರವಲ್ಲವೇ? ಬೆಳೆಯುವದು ಮೊದಲು, ಫಲವು ಆಮೇಲೆ ಎಂದು ಯಾವ ರೈತನಾದರೂ ಹೇಳುವನು. ಇಂಗ್ಲೆಂಡಿನ ಪಂಡಿತನಾದ ಜೆ. ಬಿ. ಲೈಟ್‌ಫುಟ್ 1875ರಲ್ಲಿ ಪ್ರಕಟಿಸಿದ ತನ್ನ ವ್ಯಾಖ್ಯಾನದಲ್ಲಿ ಇದಕ್ಕೆ ಕೊಟ್ಟ ಸಮಾಧಾನವು ನಮಗೆ ಒಪ್ಪಿಗೆಯಾಗಿದೆ. ಕೆಲವು ಗಿಡಗಳು ಫಲವನ್ನು ಕೊಡುವದರಲ್ಲಿಯೇ ತಮ್ಮ ಸತ್ವವೆಲ್ಲವನ್ನೂ ವ್ಯಯಮಾಡಿ ಒಣಗಿಹೋಗುವವು. ಸುವಾರ್ತೆಯು ಹಾಗಲ್ಲ, ಫಲ ಹೊತ್ತ ಮೇಲೆಯೂ ಬೆಳೆಯುತ್ತಿರುವದು ಎಂಬದು ಅದರ ಸಾರಾಂಶ. ನಮ್ಮ ದೇಶದವರಿಗೆ ಇದನ್ನು ತಿಳಿಸಲು ಹಿತ್ತಿಲಿನ ಬಾಳೆಯೇ ಸಾಕು: ಒಂದು ಗೊನೆಯನ್ನು ಹೊತ್ತ ದಿಂಡು ಮತ್ತೆ ಹೊರುವದಿಲ್ಲ, ಅದನ್ನು ಕಡಿಯುವದೇ. ನಮ್ಮ ಹೆಂಗಸರಲ್ಲಿ ಅನೇಕರನ್ನು ಲೋಕವು ಬಾಳೆಯಂತೆಯೇ ನೋಡುವದು. ಮಕ್ಕಳನ್ನು ಬೆಳೆಸಿ ಮದುವೆಮಾಡಿ ಕಳುಹಿಸಿದ ಮೇಲೆ, ಇಲ್ಲವೆ ಕೆಲಸದಿಂದ ನಿವೃತ್ತಿ ಹೊಂದಿದ ಮೇಲೆ, ಅವಳ ಪುಸ್ತಕವು ಮುಗಿಯಿತೆಂಬ ಭಾವನೆ. ಪೌಲನು ಹೇಳುವದು ದೇವರ ತಿಳುವಳಿಕೆಯಲ್ಲಿ ಬೆಳೆಯುವದನ್ನು, ಮತ್ತು ಅದನ್ನು ಅವನು ಫಲದ ಆಚೆಗೆ ಇಟ್ಟಿದ್ದಾನೆ.

6ನೆಯ ವಚನದಲ್ಲಿ ಕ್ರಿಯಾಪದದ ರೂಪವು ಉಳಿದ ಏಳಕ್ಕಿಂತ ಬೇರೆಯಾಗಿದೆ. ಗ್ರೀಕ್ ವ್ಯಾಕರಣದವರು ಅದನ್ನು ಮಧ್ಯಮ ಪ್ರಯೋಗವೆನ್ನುತ್ತಾರೆ, ಸಂಸ್ಕೃತ ಬಲ್ಲವರು ಆತ್ಮನೇಪದವನ್ನು ನೆನಸಿಕೊಳ್ಳಬಹುದು. ತನ್ನೊಳಗಿನ ಶಕ್ತಿಯಿಂದಲೇ ಫಲಿಸುವದೆಂಬ ಸೂಚನೆಯು ಅದರಲ್ಲಿದೆಯೆಂದು ಲೈಟ್‌ಫುಟ್ ಎಣಿಸಿದನು. ಎಲ್ಲರೂ ಇದನ್ನು ಒಪ್ಪಿಲ್ಲ. ಇದರ ಮೇಲೆ ಬಹಳ ಭಾರ ಹಾಕಬಾರದು.

ದ್ರಾಕ್ಷೇಬಳ್ಳಿಯ ಅಧ್ಯಾಯವನ್ನು ಯಾಕೆ ಬಿಟ್ಟಿರಿ ಎಂದು ವಾಚಕರು ಕೇಳುವರು. ಯೋಹಾನನು 15ನೆಯ ಅಧ್ಯಾಯದಲ್ಲಿ ನಮ್ಮ ಜೋಡುಶಬ್ದವನ್ನು ಉಪಯೋಗಿಸದೆ, ಕರ್ಪೊಸ್ ಮತ್ತು ಫೆರೋ ಎಂಬ ಎರಡನ್ನೂ ಬಿಡಿಬಿಡಿಯಾಗಿ ಇಟ್ಟಿದ್ದಾನೆ; ಅರ್ಥವು ಒಂದೇ. ಅಲ್ಲಿ 4ರಿಂದ 10ರ ವರೆಗಿನ ಏಳು ವಚನಗಳಲ್ಲಿ ‘ಮೆನೋ’, ನೆಲೆಸಿರು ಎಂಬ ಶಬ್ದವು ಹತ್ತು ಸಲ ಬರುತ್ತದೆ. ಲೂಕನ ತಾಳ್ಮೆಯ ಒಳಗೆ ಇದ್ದದ್ದೂ ಇದೇ ಶಬ್ದವೆಂಬದನ್ನು ಮೇಲೆ ಕಂಡೆವು. ಇಬ್ಬರು ಸುವಾರ್ತಿಕರು ಬೇರೆಬೇರೆ ಉಪಮಾನಗಳಿಂದ ಹೊರಟು, ಒಬ್ಬನು ಹೊಲದಿಂದ, ಒಬ್ಬನು ತೋಟದಿಂದ, ಒಂದೇ ಸ್ಥಳಕ್ಕೆ ಬಂದು ನಿಂತಿದ್ದಾರೆ.

ಎರಡನೆಯ ವಚನದಲ್ಲಿ ಒಂದು ಶಬ್ದಚಮತ್ಕಾರವಿದೆ. ಫಲವಿಲ್ಲದ ಕೊಂಬೆಯನ್ನು ತೋಟಗಾರನು ‘ಐರೆಯ್’, ಫಲವಿರುವದನ್ನು ‘ಕಥೈರೆಯ್’. ಮೊದಲನೆಯದಕ್ಕೆ ತೆಗೆದುಹಾಕು ಎಂದೂ ಮೇಲೆತ್ತು ಎಂದೂ ಎರಡರ್ಥಗಳುಂಟು. ನೆಲಕ್ಕೆ ಬಿದ್ದ ಬಳ್ಳಿಯನ್ನು ಎತ್ತಿ ಕಟ್ಟುತ್ತಾನೆಂದು ಕೆಲವರು ಕರುಣೆಯಿಂದ ಅರ್ಥಮಾಡುತ್ತಾರೆ. ಆದರೆ 6ನೆಯ ವಚನದಲ್ಲಿ ಒಣಗಿದ ಕೊಂಬೆಗಳನ್ನು ಬೆಂಕಿಗೆ ಹಾಕುವ ಮಾತು ಇರುವದರಿಂದ ಪಂಡಿತರಲ್ಲಿ ಹೆಚ್ಚಿನವರು ತೆಗೆದುಹಾಕುವದೆಂದೇ ತಿಳಿಯುತ್ತಾರೆ, ನಾವೂ ಹಾಗೆಯೇ ತಿಳಿಯುತ್ತೇವೆ. ಎರಡನೆಯದಕ್ಕೆ ಶುದ್ಧಮಾಡು, ಸವರು ಎಂದರ್ಥ. ಪಲೆಸ್ತೀನದಲ್ಲಿ ಬಳ್ಳಿಯು ಚಳಿಗಾಲದಲ್ಲಿ ಮಲಗಿರುವಾಗ ಸವರುತ್ತಾರೆ. ಅಷ್ಟು ಚಳಿಯಿಲ್ಲದ ನಮ್ಮ ವಿಜಯಪುರದ ಸೀಮೆಯಲ್ಲಿ ವರುಷಕ್ಕೆ ಎರಡು ಸಲ ಸವರಬೇಕಾಗುವದು: ಏಪ್ರಿಲ್ ಸುಮಾರಿಗೆ ಒಂದು, ಅಕ್ಟೋಬರ್ ಸುಮಾರಿಗೆ ಇನ್ನೊಂದು. ಮೊದಲನೆಯ ಸಲ ಸವರಿದ ಮೇಲೆ ಬರುವ ಚಿಗುರಿನಿಂದ ಗೊನೆಯನ್ನು ಬಯಸುವದಿಲ್ಲ. ಆ ತಿಂಗಳುಗಳೆಲ್ಲಾ ಕಡ್ಡಿ ಬಲಿತು ಅದರ ಮೊಗ್ಗುಗಳೊಳಗೆ ಮುಂದಿನ ಗೊನೆಯು ಕಣ್ಣಿಗೆ ಕಾಣದೆ ಸಿದ್ಧವಾಗುವದಕ್ಕೆ. ಅಕ್ಟೋಬರಿನ ಸವರುವಿಕೆಯೇ ಫಲಕ್ಕೆ. ತೋಟವನ್ನು ಜೂನ್ ತಿಂಗಳಲ್ಲಿ ನೋಡಲು ಹೋದವನು ಎಲೆಯನ್ನು ಮಾತ್ರ ಕಂಡು, ಏನು ಫಲ ಎಂದು ಕೇಳಿ ಹಿಂದಿರುಗಬಹುದು.

ಕಡೆಗೆ ಹಳೆಯ ಒಡಂಬಡಿಕೆಯಲ್ಲಿ ಒಂದು ಸ್ಥಳ. ಕ್ರಿಸ್ತಪೂರ್ವ ಮೂರನೆಯ ಶತಮಾನದಿಂದ ಐಗುಪ್ತದ ಅಲೆಕ್ಸಾಂದ್ರಿಯದಲ್ಲಿ ಆರಂಭವಾದ ಗ್ರೀಕ್ ಭಾಷಾಂತರವನ್ನು ಸೆಪ್ತುವಜಿಂತವೆನ್ನುತ್ತಾರೆ. ಅಪೊಸ್ತಲರ ಕಾಲದಲ್ಲಿ ಗ್ರೀಕ್ ಆಡುವ ವಿಶ್ವಾಸಿಗಳು ಓದುತ್ತಿದ್ದ ಹಳೆಯ ಒಡಂಬಡಿಕೆಯು ಇದೇ. ಹಬಕ್ಕೂಕನ ಮೂರನೆಯ ಅಧ್ಯಾಯದ 17ನೆಯ ವಚನದಲ್ಲಿ ಪ್ರವಾದಿಯು ಒಂದು ಕೆಟ್ಟ ವರುಷವನ್ನು ಎಣಿಸುತ್ತಾನೆ: ಅಂಜೂರವಿಲ್ಲ, ದ್ರಾಕ್ಷೆಯಿಲ್ಲ, ಎಣ್ಣೆಮರದ ಉತ್ಪತ್ತಿಯಿಲ್ಲ, ಹೊಲದಲ್ಲಿ ಆಹಾರವಿಲ್ಲ, ಹಟ್ಟಿಯಲ್ಲಿ ಕುರಿಗಳಿಲ್ಲ, ಕೊಟ್ಟಿಗೆಯಲ್ಲಿ ದನಗಳಿಲ್ಲ. ಇಬ್ರಿಯ ಮೂಲದಲ್ಲಿ ಅಂಜೂರದ ಮರವು ಚಿಗುರದಿದ್ದರೂ ಎಂಬರ್ಥವಿದೆ. ಅಲೆಕ್ಸಾಂದ್ರಿಯದ ಸಂಪ್ರದಾಯದ ಆ ಭಾಷಾಂತರಕಾರನು ಅಲ್ಲಿ ಕರ್ಪೊಫೊರೆಯೋ ಎಂಬ ನಮ್ಮ ಶಬ್ದವನ್ನು ಇಟ್ಟು, ಅದರ ಮುಂದೆ ‘ಊ’, ಇಲ್ಲ, ಎಂಬ ಒಂದಕ್ಷರವನ್ನು ನಿಲ್ಲಿಸಿದ್ದಾನೆ: ಮರವು ಫಲವನ್ನು ಹೊರುವದಿಲ್ಲ. ಅದರ ಮುಂದಿನ ವಚನವು ಗ್ರೀಕಿನಲ್ಲಿ ‘ಎಗೋ ದೆ’, ನಾನಾದರೋ, ಎಂದು ಆರಂಭವಾಗುವದು, ಮತ್ತು ಅದರಲ್ಲಿರುವ ಎರಡು ಕ್ರಿಯಾಪದಗಳೂ ಉಲ್ಲಾಸಿಸುವದಕ್ಕೂ ಸಂತೋಷಪಡುವದಕ್ಕೂ ಸೇರಿದವು.